ಸೂತ್ರಧಾರಿ, ಓಜ, ರೂವಾರಿ: ಕಟ್ಟಡ ನಿರ್ಮಾತೃವಿನ ಕನ್ನಡ ಹೆಸರುಗಳು

‘ಆರ್ಕಿಟೆಕ್ಟ್’ ಎಂಬ ಪದಕ್ಕೆ ಕನ್ನಡದಲ್ಲಿ ಇಂದು ಬಳಕೆಯಲ್ಲಿರುವ ಸಮಾನಪದಗಳು ಒಂದೆರಡಲ್ಲ. ವಾಸ್ತುಶಿಲ್ಪಿ, ವಾಸ್ತುತಜ್ಞ, ವಾಸ್ತುವಿನ್ಯಾಸಕ, ಸ್ಥಪತಿ ಎಂಬವು ಗ್ರಂಥಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಒಂದರ ಸ್ಥಾನದಲ್ಲಿ ಮತ್ತೊಂದು ಬರುತ್ತವೆ. ದೇವಾಲಯಗಳನ್ನು ಕುರಿತ ಬರಹಗಳಲ್ಲಿ ಈ ಪದಗಳನ್ನೇ ಹಿಂದಿನ ಕಾಲಕ್ಕೆ ಅನ್ವಯಿಸಿ, ಎಂಟನೆಯ ಶತಮಾನದ ನಿರ್ಮಾತೃಗಳನ್ನೂ ‘ವಾಸ್ತುಶಿಲ್ಪಿ’ಗಳೆಂದು ಕರೆಯುವುದು ರೂಢಿಯಾಗಿದೆ. ಆದರೆ ಆ ಕಾಲದ ಶಾಸನಗಳು ಬಳಸಿದ ಪದಗಳು ಬೇರೆ. ಅವು ಹೇಳುವ ಕೆಲಸವೂ ಬೇರೆ. ಈ ಅಂತರವನ್ನು ಗಮನಿಸದಿರುವುದರಿಂದ ಒಂದು ಪ್ರಸಿದ್ಧ ದೇವಾಲಯವನ್ನು ಯಾರು ಕಟ್ಟಿದರು ಎಂಬ ಪ್ರಶ್ನೆಗೆ ಬೇರೆ ಬೇರೆ ಗ್ರಂಥಗಳಲ್ಲಿ ಬೇರೆ ಬೇರೆ ಉತ್ತರಗಳು ಉಳಿದುಬಂದಿವೆ. ಪ್ರಸ್ತುತ ಲೇಖನವು ಬಾಗಲಕೋಟೆ ಜಿಲ್ಲೆಯ ಶಾಸನಗಳನ್ನೂ ಅದೇ ಪರಿಸರದ ಆಡುನುಡಿಯನ್ನೂ ಮುಖ್ಯ ಆಧಾರವಾಗಿರಿಸಿಕೊಂಡು ಈ ಪದಗಳ ಅರ್ಥ ಮತ್ತು ಬಳಕೆಯನ್ನು ಪರಿಶೀಲಿಸುತ್ತದೆ.

ಮೊದಲು ಮೂಲಪದದ ವಿಚಾರ. ಆರ್ಕಿಟೆಕ್ಟ್ ಎಂಬುದು ಗ್ರೀಕ್ ಭಾಷೆಯ ‘ಆರ್ಖಿ’ (ಮುಖ್ಯ) ಮತ್ತು ‘ತೆಕ್ತೋನ್’ (ಬಡಗಿ, ಕಟ್ಟುವವನು) ಎಂಬೆರಡು ಪದಗಳಿಂದ ಆದುದು; ಲ್ಯಾಟಿನ್ ಮೂಲಕ ಯುರೋಪಿನ ಭಾಷೆಗಳಿಗೆ ಹರಡಿತು. ಈ ತೆಕ್ತೋನ್ ಸಂಸ್ಕೃತದ ‘ತಕ್ಷನ್’ ಪದದ ಸಜಾತೀಯ ರೂಪವೆಂಬುದು ಭಾಷಾವಿಜ್ಞಾನಿಗಳಿಗೆ ತಿಳಿದ ಸಂಗತಿ. ತಕ್ಷನ್ ಎಂದರೆ ಮರವನ್ನು ಕೆತ್ತಿ ಹದಗೊಳಿಸುವವನು. ತಮಿಳಿನ ‘ತಚ್ಚನ್’ ಈ ಮೂಲದಿಂದಲೇ ಬಂದಿದೆ. ಹೀಗಾಗಿ ಆರ್ಕಿಟೆಕ್ಟ್ ಎಂಬುದರ ಅಕ್ಷರಾರ್ಥ ‘ಹಿರಿಯ ಬಡಗಿ’ ಎಂದೇ ಆಗುತ್ತದೆ. ನಕ್ಷೆ ಬರೆಯುವವನು ಬೇರೆ, ಕಟ್ಟುವವನು ಬೇರೆ ಎಂಬ ವಿಭಜನೆ ಆ ಪದದೊಳಗೆ ಇಲ್ಲ. ಅದು ಬಹಳ ತಡವಾಗಿ ಸೇರಿಕೊಂಡ ಅರ್ಥ.

ಸಂಸ್ಕೃತದ ವಾಸ್ತುಗ್ರಂಥಗಳು ಕಟ್ಟುವವರನ್ನು ನಾಲ್ವರಾಗಿ ವಿಂಗಡಿಸುತ್ತವೆ. ‘ಮಯಮತ’ದ ಪ್ರಕಾರ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂಬವರು ಆ ನಾಲ್ವರು. ಸ್ಥಪತಿಯು ಎಲ್ಲವನ್ನೂ ಬಲ್ಲ ಮುಖ್ಯಸ್ಥ. ಸೂತ್ರಗ್ರಾಹಿಯು ಅವನ ಮಗ ಅಥವಾ ಶಿಷ್ಯ. ದಾರ ಮತ್ತು ಅಳತೆಗೋಲುಗಳನ್ನು ಬಲ್ಲವನು. ತಕ್ಷಕನು ಕೆತ್ತುವವನು, ವರ್ಧಕಿಯು ಕೆತ್ತಿದ ಭಾಗಗಳನ್ನು ಕೂಡಿಸಿ ಎತ್ತರಿಸುವವನು. ಗ್ರಂಥದ ಈ ಶ್ರೇಣಿಯಲ್ಲಿ ದಾರ ಹಿಡಿಯುವವನದು ಎರಡನೆಯ ಸ್ಥಾನ. ಆದರೆ ದೇಶದ ಎಲ್ಲ ಭಾಗಗಳಲ್ಲೂ ಈ ಕ್ರಮ ನಡೆಯಲಿಲ್ಲ. ಪಶ್ಚಿಮ ಭಾರತದಲ್ಲಿ ಸೂತ್ರಧಾರನೇ ಪ್ರಧಾನ ನಿರ್ಮಾತೃ. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ವಾಸ್ತುಗ್ರಂಥಕ್ಕೆ ‘ಸಮರಾಂಗಣ ಸೂತ್ರಧಾರ’ ಎಂದು ಹೆಸರು. ಹದಿನೈದನೆಯ ಶತಮಾನದಲ್ಲಿ ಮೇವಾಡದ ರಾಣಾ ಕುಂಭನ ಆಶ್ರಯದಲ್ಲಿದ್ದ ಮಂಡನನು ‘ಸೂತ್ರಧಾರ ಮಂಡನ’ನೆಂದೇ ಖ್ಯಾತನಾದನು.

ಕನ್ನಡ ನಾಡಿನ ಪ್ರಯೋಗ ಯಾವ ಕಡೆಯದು? ಇದಕ್ಕೆ ಉತ್ತರ ಪಟ್ಟದಕಲ್ಲಿನಲ್ಲಿದೆ.

ಬಾದಾಮಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು (733–744) ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ಅವನ ರಾಣಿ ಲೋಕಮಹಾದೇವಿಯು ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಈಗ ವಿರೂಪಾಕ್ಷ ದೇವಾಲಯವೆನಿಸಿರುವುದು ಇದೇ. ಇದರ ಮೂಡಣ ಬಾಗಿಲ ಶಾಸನಗಳು ಇಬ್ಬರು ನಿರ್ಮಾತೃಗಳನ್ನು ಹೆಸರಿಸುತ್ತವೆ. ಒಬ್ಬನು ಗುಂಡ, ಅನಿವಾರಿತಾಚಾರಿ ಎಂಬುದು ಅವನ ಇನ್ನೊಂದು ಹೆಸರು. ಅವನನ್ನು ದೇವಾಲಯದ ಸೂತ್ರಧಾರಿಯೆಂದು ಕರೆದು, ಅವನಿಗೆ ಪಟ್ಟ ಕಟ್ಟಿ ‘ತ್ರಿಭುವನಾಚಾರಿ’ ಎಂಬ ಹೆಸರನ್ನು ಕೊಟ್ಟುದನ್ನು ದಾಖಲಿಸಲಾಗಿದೆ. ಮತ್ತೊಬ್ಬನು ಸರ್ವಸಿದ್ಧಿ ಆಚಾರಿ. ಅವನನ್ನು ‘ತೆಂಕಣ ದಿಶೆಯ ಸೂತ್ರಧಾರಿ’ ಎಂದು ಹೊಗಳಲಾಗಿದೆ. ಈ ಶಾಸನಗಳನ್ನು ಜೆ. ಎಫ್. ಫ್ಲೀಟರು 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಅಂದಿನಿಂದ ಇವು ವಿದ್ವಾಂಸರಿಗೆ ಪರಿಚಿತವಾಗಿವೆ.

ಇಲ್ಲಿ ಸೂತ್ರಧಾರಿ ಎಂಬುದು ಎರಡನೆಯ ದರ್ಜೆಯ ಪದವಲ್ಲ ಎಂಬುದು ಸ್ಪಷ್ಟ. ರಾಜಮರ್ಯಾದೆಗೆ ಪಾತ್ರನಾದವನು, ಮೂರು ಲೋಕದ ಆಚಾರ್ಯನೆಂಬ ಹೆಸರು ಪಡೆದವನು ಸೂತ್ರಧಾರಿಯೇ. ಸ್ಥಪತಿ ಎಂಬ ಗ್ರಾಂಥಿಕ ಪದಕ್ಕೆ ಇಲ್ಲಿ ಎಡೆಯಿಲ್ಲ. ಅಂದರೆ ದಕ್ಷಿಣದ ಮಯಮತದ ಶ್ರೇಣಿಯನ್ನು ಹಿಡಿದು ಪಟ್ಟದಕಲ್ಲಿನ ಸೂತ್ರಧಾರಿಯನ್ನು ಸಹಾಯಕನೆಂದು ಭಾವಿಸಿದರೆ ಶಾಸನದ ಮಾತಿಗೆ ವಿರುದ್ಧವಾಗುತ್ತದೆ.

ಸರ್ವಸಿದ್ಧಿ ಆಚಾರಿಯ ವಿಶೇಷಣಗಳು ಇನ್ನೂ ಕುತೂಹಲಕರ. ಅವನು ಅನೇಕ ಪುರಗಳ ವಾಸ್ತುವಿಗೆ ಪಿತಾಮಹ. ವಾಸ್ತು, ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟಗಳಲ್ಲಿ ಚೂಡಾಮಣಿ. ಮನೆ ಗುಡಿಗಳ ಜೊತೆಗೆ ಬಂಡಿ, ಪೀಠ, ಮಂಚ, ಕಿರೀಟಗಳು ಒಂದೇ ಉಸಿರಿನಲ್ಲಿ ಬಂದಿರುವುದು ಇಂದಿನ ಓದುಗನಿಗೆ ಹೊಗಳಿಕೆಯ ಅತಿಶಯವೆಂದು ತೋರಬಹುದು. ಹಾಗಲ್ಲ. ಮಯಮತವೂ ವಾಸ್ತುವನ್ನು ಭೂಮಿ, ಕಟ್ಟಡ, ಯಾನ, ಶಯನಾಸನ ಎಂದೇ ವಿಂಗಡಿಸುತ್ತದೆ. ಮನುಷ್ಯರೂ ದೇವತೆಗಳೂ ನೆಲೆಗೊಳ್ಳುವ ಎಲ್ಲವೂ ಅದರ ದೃಷ್ಟಿಯಲ್ಲಿ ವಾಸ್ತು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಂತೂ ಮನೆ, ಹೊಲ, ತೋಟ, ಕಟ್ಟೆ, ಕೆರೆಗಳು ವಾಸ್ತುವೆನಿಸಿವೆ. ಈಗ ‘ವಾಸ್ತು ನೋಡಿಸುವುದು’ ಎಂದರೆ ಅಡುಗೆಮನೆ ಯಾವ ಮೂಲೆಗಿರಬೇಕು, ಬಾಗಿಲು ಯಾವ ದಿಕ್ಕಿಗಿರಬೇಕು ಎಂಬ ಶುಭಾಶುಭ ವಿಚಾರಕ್ಕೆ ಸೀಮಿತವಾಗಿದೆ. ‘ವಾಸ್ತುತಜ್ಞ’ ಎಂಬ ಫಲಕವನ್ನು ಕಂಡವನು ಅಲ್ಲಿ ನಕ್ಷೆ ಬರೆಯುವವರಿದ್ದಾರೋ ಫಲ ಹೇಳುವವರಿದ್ದಾರೋ ಎಂದು ಒಳಹೊಕ್ಕೇ ತಿಳಿಯಬೇಕು. ಆರ್ಕಿಟೆಕ್ಟ್ ಪದಕ್ಕೆ ವಾಸ್ತುತಜ್ಞ ಎಂಬುದು ಒಪ್ಪತಕ್ಕ ಸಮಾನಪದವಲ್ಲ ಎಂದು ನಾನು ಭಾವಿಸುವುದು ಈ ಕಾರಣದಿಂದ.

ಇನ್ನು ‘ತೆಂಕಣ ದಿಶೆ’ಯ ಪ್ರಶ್ನೆ. ಫ್ಲೀಟರು ಇದನ್ನು ದಕ್ಷಿಣ ದೇಶವೆಂದು ತಿಳಿದರು. ಹಾಗಾದರೆ ಸರ್ವಸಿದ್ಧಿ ಆಚಾರಿಯು ದಕ್ಷಿಣ ದೇಶದ ಸೂತ್ರಧಾರಿಯಾಗುತ್ತಾನೆ. ವಿರೂಪಾಕ್ಷ ದೇವಾಲಯವು ದ್ರಾವಿಡ ಮಾದರಿಯದಾಗಿರುವುದರಿಂದಲೂ ಕಂಚಿಯ ಕೈಲಾಸನಾಥ ದೇವಾಲಯದೊಡನೆ ಅದಕ್ಕಿರುವ ಹೋಲಿಕೆಯಿಂದಲೂ ಈ ಅರ್ಥಕ್ಕೆ ಪುಷ್ಟಿ ದೊರೆಯಿತು. ಕಂಚಿಯ ಆ ದೇವಾಲಯದಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವಿರುವುದೂ ಪ್ರಸಿದ್ಧವೇ. ಹೀಗೆ ಸರ್ವಸಿದ್ಧಿಯು ಕಂಚಿಯಿಂದ ಬಂದವನೆಂದು ಊಹಿಸಿದ ಬರಹಗಳೂ ಇವೆ. ಮತ್ತೊಂದು ಅರ್ಥದ ಪ್ರಕಾರ ತೆಂಕಣ ದಿಶೆಯೆಂದರೆ ದೇವಾಲಯದ ದಕ್ಷಿಣ ಪಾರ್ಶ್ವ. ಕಟ್ಟಡದ ಆ ಭಾಗದ ಕೆಲಸಕ್ಕೆ ಸರ್ವಸಿದ್ಧಿ ಹೊಣೆಗಾರನಾಗಿದ್ದನು.

ಈ ಎರಡರಲ್ಲಿ ಯಾವುದು ಸರಿಯೆಂಬುದನ್ನು ನಿರ್ಣಯಿಸಲು ವಿರೂಪಾಕ್ಷವನ್ನು ಬಿಟ್ಟು ಅದರ ದಕ್ಷಿಣಕ್ಕಿರುವ ಪಾಪನಾಥ ದೇವಾಲಯಕ್ಕೆ ಹೋಗಬೇಕು. ಅಲ್ಲಿನ ಶಾಸನವು ಸರ್ವಸಿದ್ಧಿ ಆಚಾರಿಯ ಪರಂಪರೆಗೆ ಸೇರಿದ ರೇವಡಿ ಓವಜ್ಜನೆಂಬುವನನ್ನು ಹೆಸರಿಸಿ, ಅವನು ತೆಂಕಣ ದೆಸೆಯನ್ನು ‘ಮಾಡಿದ’ವನೆಂದು ಹೇಳುತ್ತದೆ. ದಕ್ಷಿಣ ದೇಶವನ್ನು ಯಾರೂ ‘ಮಾಡ’ಲಾರರು, ಗುಡಿಯ ತೆಂಕಣ ಮಗ್ಗುಲನ್ನು ಮಾಡಬಹುದು. ಒಂದೇ ಊರಿನ, ಒಂದೇ ಗುರುಪರಂಪರೆಯ, ಒಂದೇ ಶತಮಾನದ ಎರಡು ಶಾಸನಗಳಲ್ಲಿ ಒಂದೇ ಪದಪುಂಜಕ್ಕೆ ಬೇರೆ ಬೇರೆ ಅರ್ಥ ಹೇಳಲು ಕಾರಣವಿಲ್ಲ. ಸರ್ವಸಿದ್ಧಿಯ ವಿಷಯದಲ್ಲಿ ಅದು ಬಿರುದುಗಳ ಸಾಲಿನಲ್ಲಿ ಬಂದಿರುವುದರಿಂದ ದೇಶವಾಚಕವಾಗಿರಬಹುದೆಂಬ ಆಕ್ಷೇಪ ಉಳಿಯುತ್ತದೆ, ನಿಜ. ಆದರೆ ಆ ಸಾಲಿನ ಕೊನೆಯ ಮಾತು ಅದು. ಬಿರುದುಗಳು ಮುಗಿದು ಕೆಲಸದ ಉಲ್ಲೇಖ ಬರುವ ಜಾಗ. ಆದುದರಿಂದ ವಿರೂಪಾಕ್ಷ ದೇವಾಲಯಕ್ಕೆ ಒಬ್ಬನೇ ‘ವಾಸ್ತುಶಿಲ್ಪಿ’ಯನ್ನು ಹುಡುಕುವುದು, ಗುಂಡನೋ ಸರ್ವಸಿದ್ಧಿಯೋ ಎಂದು ವಾದಿಸುವುದು, ಇಂದಿನ ಪದ ಹುಟ್ಟಿಸಿದ ಸಮಸ್ಯೆ. ಶಾಸನದ ಪದವನ್ನು ಹಿಡಿದರೆ ದಾರ ಹಿಡಿದವರು ಇಬ್ಬರಿದ್ದರು, ಹೊಣೆ ಹಂಚಿಕೆಯಾಗಿತ್ತು ಎಂಬಷ್ಟು ತಿಳಿಯುತ್ತದೆ.

ಪಾಪನಾಥದ ಶಾಸನದಲ್ಲಿರುವ ‘ಓವಜ್ಜ’ ಎಂಬ ರೂಪವು ಭಾಷೆಯ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಸಂಸ್ಕೃತದ ಉಪಾಧ್ಯಾಯ ಪದವು ಪ್ರಾಕೃತದಲ್ಲಿ ಉವಜ್ಝಾಯ, ಓಜ್ಝಾ ಮುಂತಾಗಿ ಬದಲಾಯಿತು. ಕನ್ನಡದಲ್ಲಿ ಅದು ಓಜ ಎಂದು ನೆಲೆನಿಂತಿತು. ಓವಜ್ಜ ಎಂಬುದು ಆ ದಾರಿಯ ನಡುವಿನ ಮೆಟ್ಟಿಲು. ಹಳಗನ್ನಡ ಕಾವ್ಯಗಳಲ್ಲಿ ಓಜನೆಂದರೆ ಗುರು. ಬಳ್ಳಿಗಾವೆಯಿಂದ ಬಂದು ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ, ಹಳೆಯಬೀಡಿನ ಕೇದಾರೋಜ ಇವರ ಹೆಸರುಗಳ ಕೊನೆಯಲ್ಲಿರುವುದೂ ಇದೇ ಓಜ. ಗುಂಡ ಮತ್ತು ಸರ್ವಸಿದ್ಧಿಯರ ಹೆಸರಿನ ‘ಆಚಾರಿ’ಯು ಆಚಾರ್ಯ ಶಬ್ದದ ತದ್ಭವ, ಅದಕ್ಕೂ ಗುರುವೆಂದೇ ಅರ್ಥ. ಮುಂದೆ ಪೋರ್ಚುಗೀಸರ ಕಾಲದಲ್ಲಿ ‘ಮೆಸ್ತ್ರೆ’ ಎಂಬ ಪದ ಬಂದು ಮೇಸ್ತ್ರಿಯಾಯಿತು. ಅದರ ಮೂಲವಾದ ಲ್ಯಾಟಿನ್ ‘ಮಗಿಸ್ತೆರ್’ ಪದಕ್ಕೂ ಗುರು, ಒಡೆಯ ಎಂಬ ಅರ್ಥಗಳಿವೆ. ಸಂಸ್ಕೃತ, ಪ್ರಾಕೃತ, ಪೋರ್ಚುಗೀಸ್ ಎಂಬ ಮೂರು ಬಾಗಿಲುಗಳಿಂದ ಮೂರು ಬೇರೆ ಕಾಲಗಳಲ್ಲಿ ಬಂದ ಪದಗಳು ಕಟ್ಟುವವನನ್ನು ಕಲಿಸುವವನೆಂದೇ ಗುರುತಿಸಿವೆ. ಕೆಲಸವು ಕೈಯಿಂದ ಕೈಗೆ ಶಿಷ್ಯಪರಂಪರೆಯಲ್ಲಿ ಸಾಗುತ್ತಿದ್ದುದೇ ಇದಕ್ಕೆ ಕಾರಣವೆನ್ನಬೇಕು. (ಉಸ್ತಾದ್ ಪದವು ಇದೇ ಅರ್ಥದಲ್ಲಿ ಬಂದುದಾದರೂ ಮುಧೋಳ–ಜಮಖಂಡಿ ಸೀಮೆಯಲ್ಲಿ ವಸ್ತಾದನಾಗಿ ಗರಡಿಮನೆಯನ್ನು ಸೇರಿತು.)

ವಿಜಾಪುರದ ಆದಿಲಶಾಹಿ ಕಟ್ಟಡಗಳ ಕಾಲದಲ್ಲಿ ‘ಮೇಮಾರ್’ ಎಂಬ ಪದವೂ ಬಂದಿತು. ಅದು ಕನ್ನಡದಲ್ಲಿ ಉಳಿಯಲಿಲ್ಲ. ಅದೇ ಅರಬ್ಬೀ ಧಾತುವಿನ ‘ಇಮಾರತು’ ಮಾತ್ರ ಉಳಿದಿದೆ. ಇಬ್ರಾಹಿಂ ರೋಜಾದ ಶಾಸನದಲ್ಲಿ ಹೆಸರು ಬರುವ ಮಲಿಕ್ ಸಂದಲನು ಅದನ್ನು ರೂಪಿಸಿದವನೋ ಕೆಲಸ ನೋಡಿಕೊಂಡ ಅಧಿಕಾರಿಯೋ ಎಂಬ ಚರ್ಚೆಯೂ ಪಟ್ಟದಕಲ್ಲಿನ ಚರ್ಚೆಯಂತೆಯೇ.

ರೂವಾರಿ ಎಂಬ ಪದ ಹೊಯ್ಸಳರ ಶಾಸನಗಳಿಂದ ಜನಪ್ರಿಯವಾಯಿತು. ರೂಪಕಾರಿ ಎಂಬುದರ ತದ್ಭವವಿದು: ರೂಪವು ರೂವವಾಯಿತು, ಕಾರಿಯ ಕಕಾರ ಬಿದ್ದುಹೋಯಿತು. ಕುಂಭಕಾರನು ಕುಂಬಾರನಾದ, ಚರ್ಮಕಾರನು ಚಮ್ಮಾರನಾದ ದಾರಿಯೇ ಇದು. ರೂವಾರಿ ಮಲ್ಲಿತಮ್ಮನು ಸೋಮನಾಥಪುರವೂ ಸೇರಿ ಹಲವು ಗುಡಿಗಳಲ್ಲಿ ಹೆಸರು ಕೊರೆದಿದ್ದಾನೆ. ಹೊಯ್ಸಳ ಶಿಲ್ಪಿಗಳ ಇಂಥ ಸಹಿಗಳನ್ನು ಷ. ಶೆಟ್ಟರ್ ಅವರು ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ಮೂಲಾರ್ಥದಲ್ಲಿ ರೂವಾರಿ ವಿಗ್ರಹ ಕಂಡರಿಸುವವನು. ಪಟ್ಟದಕಲ್ಲಿನಲ್ಲಿ ಬಿಡಿ ಶಿಲ್ಪಗಳ ಬಳಿ ಹೆಸರು ಕೊರೆದ ಬಲದೇವ, ಚೆಂಗಮ್ಮ ಮೊದಲಾದವರಿಗೂ ಬಾಗಿಲಲ್ಲಿ ಪಟ್ಟ ಪಡೆದ ಸೂತ್ರಧಾರಿಗೂ ಇರುವ ಅಂತರವನ್ನು ಗಮನಿಸಿದರೆ ರೂಪ ಮಾಡುವವನು ಬೇರೆ, ಅಳತೆ ಹಿಡಿಯುವವನು ಬೇರೆ ಎಂಬ ಅರಿವು ಆಗಲೇ ಇತ್ತೆಂಬುದು ತಿಳಿಯುತ್ತದೆ. ‘ವಾಸ್ತುಶಿಲ್ಪಿ’ ಎಂಬ ಸಮಾಸವು ಈ ಎರಡನ್ನೂ ಬೆರೆಸಿಬಿಡುತ್ತದೆ.

ಸೂತ್ರಧಾರಿಯ ಸೂತ್ರ ಯಾವುದು? ಅದು ಅಡಿಪಾಯದ ಗೆರೆ ಎಳೆಯುವ ದಾರ. ಭರತನ ‘ನಾಟ್ಯಶಾಸ್ತ್ರ’ದ ಎರಡನೆಯ ಅಧ್ಯಾಯದಲ್ಲಿ ನಾಟ್ಯಗೃಹದ ನೆಲವನ್ನು ಬಿಳಿಯ ದಾರದಿಂದ ಅಳೆಯುವ ವಿಧಿಯಿದೆ, ದಾರವು ನಡುವೆ ಕಡಿದರೆ ಒಡೆಯನಿಗೇ ಸಾವು ಎಂಬ ಎಚ್ಚರಿಕೆಯೂ ಇದೆ. ನಾಟಕದ ಸೂತ್ರಧಾರನಿಗೆ ಆ ಹೆಸರು ಬಂದುದು ಈ ದಾರದಿಂದಲೋ ಗೊಂಬೆಯಾಟದ ದಾರದಿಂದಲೋ ಎಂಬ ವಾದ ಮುಗಿದಿಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಂಥ ಊರುಗಳಲ್ಲಿ ಮನೆಯ ಪಾಯ ತೆಗೆಯುವಾಗ ಇಂದಿಗೂ ಮೊದಲ ಕೆಲಸ ಗೂಟ ನೆಟ್ಟು ದಾರ ಕಟ್ಟುವುದೇ. ತೂಗುಗುಂಡು, ಮೂಲೆಮಟ್ಟ, ರಸಮಟ್ಟಗಳು ಆಮೇಲೆ ಬರುತ್ತವೆ. ಆದರೆ ಅಲ್ಲಿ ದಾರ ಹಿಡಿಯುವವನನ್ನು ಯಾರೂ ಸೂತ್ರಧಾರಿ ಎನ್ನುವುದಿಲ್ಲ. ಅವನು ಗೌಂಡಿ, ಮರಾಠಿಯಿಂದ ಬಂದ ಈ ಪದವೇ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ ರೂಢಿಯಲ್ಲಿದೆ. ಮಯಮತದ ವರ್ಧಕಿಯು ಪ್ರಾಕೃತದ ಮೂಲಕ ಬಡಗಿಯಾಗಿ ಈ ಭಾಗದ ‘ಬಡಿಗೇರ’ ಎಂಬ ಅಡ್ಡಹೆಸರಿನಲ್ಲಿ ಉಳಿದಿದ್ದಾನೆ. ಹಳೆಯ ಮೇಲ್ಮುದ್ದೆಯ ಮನೆಗಳನ್ನು ಕಂಬಗಳ ನಡುವಿನ ಅಂಕಣಗಳಿಂದ ಎಣಿಸುತ್ತಿದ್ದರು. ಗುಡಿಯ ನವರಂಗವನ್ನು ವರ್ಣಿಸಲು ಸಂಶೋಧಕರು ಬಳಸುವ ಅಂಕಣವೂ ಅದೇ. ನಕ್ಷೆ ಬೇಕಾದರೆ ‘ಇಂಜಿನಿಯರರ ಕಡೆ ಪ್ಲಾನ್ ಹಾಕಿಸುವುದು’ ವಾಡಿಕೆ. ಆರ್ಕಿಟೆಕ್ಟ್ ಎಂಬ ಪದ ಅಲ್ಲಿ ಕೇಳಿಸುವುದು ವಿರಳ.

ಅದೇ ಹೊತ್ತಿಗೆ ಹಳೆಯ ಪದಗಳೆಲ್ಲ ಕಟ್ಟಡವನ್ನು ಬಿಟ್ಟು ಬೇರೆಡೆಗೆ ಹೋಗಿವೆ. ಪತ್ರಿಕೆಗಳಲ್ಲಿ ಸೂತ್ರಧಾರನೆಂದರೆ ಸಂಚಿನ ಹಿಂದಿರುವವನು. ರೂವಾರಿಯೆಂದರೆ ಗೆಲುವಿನ, ಯೋಜನೆಯ, ಕೆಲವೊಮ್ಮೆ ದಾಳಿಯ ಕಾರಣಪುರುಷ. ಶಿಲ್ಪಿ ಎಂಬುದು ರಾಜಕಾರಣಿಗೂ ಆಡಳಿತಗಾರನಿಗೂ ಸಲ್ಲುತ್ತದೆ. ‘ಸಂವಿಧಾನ ಶಿಲ್ಪಿ’ ಎಂಬಲ್ಲಿ ಕರಡು ಸಮಿತಿಯ ಹೊಣೆ ಹೊತ್ತವರಿಗೇ ಆ ಪದ ಸಂದಿದೆ, ಅದು ಯುಕ್ತವಾಗಿದೆ. ‘ವಿಧಾನಸೌಧದ ಶಿಲ್ಪಿ’ ಎಂದು ಕೆಂಗಲ್ ಹನುಮಂತಯ್ಯನವರನ್ನು ಕರೆಯುವಾಗ ಮಾತ್ರ ತೊಡಕಿದೆ. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಪೂರ್ಣಗೊಂಡ ಆ ಕಟ್ಟಡವನ್ನು ಕಲ್ಪಿಸಿ ಕಟ್ಟಿಸಿದ ಮುಖ್ಯಮಂತ್ರಿ ಅವರು. ವಿನ್ಯಾಸವನ್ನು ರೂಪಿಸಿದವರು ಲೋಕೋಪಯೋಗಿ ಇಲಾಖೆಯ ಬಿ. ಆರ್. ಮಾಣಿಕಂ. ಇಬ್ಬರ ಪಾತ್ರವೂ ದೊಡ್ಡದು; ಆದರೆ ಪದ ಒಂದೇ ಆದಾಗ ಎರಡನೆಯವರ ಹೆಸರು ಅದರ ಕೆಳಗೆ ಮುಚ್ಚಿಹೋಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಸಿಲುಕಿದ ಬಾಗಲಕೋಟೆಗಾಗಿ ನಿರ್ಮಾಣಗೊಂಡ ನವನಗರದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಅದರ ಯೋಜನೆಯನ್ನು ಸಿದ್ಧಪಡಿಸಿದವರು ಚಾರ್ಲ್ಸ್ ಕೊರಿಯಾ (1930–2015). ಪಟ್ಟದಕಲ್ಲಿನ ಜಿಲ್ಲೆಯದೇ ಆದ ಈ ಊರಿನಲ್ಲಿ ವಿಳಾಸದೊಡನೆ ಸೆಕ್ಟರ್ ಸಂಖ್ಯೆ ಹೇಳುವವರಲ್ಲಿ ಎಷ್ಟು ಜನ ಆ ಹೆಸರನ್ನು ಕೇಳಿದ್ದಾರು?

ಕನ್ನಡ ವ್ಯಾಕರಣವು ಈ ಗೊಂದಲಕ್ಕೆ ಅವಕಾಶ ಕೊಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮಾಡಿದ ಮತ್ತು ಮಾಡಿಸಿದ ಎಂಬೆರಡು ಕ್ರಿಯಾರೂಪಗಳನ್ನು ಶಾಸನಕಾರರು ಎಚ್ಚರದಿಂದ ಬಳಸಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿನ ಮುಂದಿರುವುದು ‘ಮಾಡಿಸಿದಂ’. ಸುತ್ತಾಲಯದ ವಿಷಯದಲ್ಲಿ ಗಂಗರಾಜನಿಗೂ ಅದೇ ಪ್ರೇರಣಾರ್ಥಕ ರೂಪ. ರೇವಡಿ ಓವಜ್ಜನಿಗಾದರೋ ‘ಮಾಡಿದ’ ಎಂಬ ರೂಪ. ಬೇಲೂರು, ಹಳೆಯಬೀಡುಗಳ ಶಿಲ್ಪಿಗಳ ಸಹಿಗಳಲ್ಲಿಯೂ ಅದೇ. ದಾನಿಯ ಪುಣ್ಯಕ್ಕೂ ಕೆಲಸಗಾರನ ಕೀರ್ತಿಗೂ ಪ್ರತ್ಯೇಕ ಪ್ರತ್ಯಯಗಳಿದ್ದವು. ಗೊಮ್ಮಟನನ್ನು ‘ಮಾಡಿದ’ವನ ಹೆಸರು ಆ ಸಾಲಿನಲ್ಲಿಲ್ಲ, ಆದರೆ ಚಾವುಂಡರಾಯನು ತಾನೇ ಮಾಡಿದೆನೆಂದೂ ಹೇಳಿಕೊಂಡಿಲ್ಲ. ಐಹೊಳೆಯ ಒಂದು ಶಾಸನವು ನರಸೊಬ್ಬನೆಂಬುವನನ್ನು ಕುರಿತು, ಮನೆ ಮತ್ತು ಪ್ರಾಸಾದಗಳನ್ನು ಕಟ್ಟುವುದರಲ್ಲಿ ಅವನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರಲಾರನು ಎಂಬರ್ಥದಲ್ಲಿ ಹೊಗಳುತ್ತದೆ. ಪ್ರಾಸಾದದೊಡನೆ ಮನೆಯನ್ನೂ ಹೇಳಿರುವುದನ್ನು ಕಾಣಬೇಕು. ನಮ್ಮ ಕಲಾ ಇತಿಹಾಸವು ಗುಡಿಗಳನ್ನಷ್ಟೇ ಉಳಿಸಿಕೊಂಡಿದೆ.

ಆಧುನಿಕ ಕಾಲದಲ್ಲಿ ಈ ಪದವು ಕಾನೂನಿನ ವಸ್ತುವೂ ಆಗಿದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯು ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆರ್ಕಿಟೆಕ್ಟ್ ಎಂಬ ಅಭಿಧಾನವನ್ನು ಮೀಸಲಿರಿಸಿತು. ಅಭಿಧಾನ ಮಾತ್ರ ಮೀಸಲೋ ಕೆಲಸವೂ ಮೀಸಲೋ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2020ರ ಮಾರ್ಚ್ 17ರ ತೀರ್ಪಿನಲ್ಲಿ ನ್ಯಾಯಾಲಯವು, ಕಾಯ್ದೆಯ 37ನೆಯ ಕಲಮು ಹೆಸರನ್ನು ರಕ್ಷಿಸುತ್ತದೆಯೇ ಹೊರತು ನೋಂದಣಿಯಿಲ್ಲದವರು ಆ ಬಗೆಯ ಕೆಲಸ ಮಾಡುವುದನ್ನು ನಿಷೇಧಿಸುವುದಿಲ್ಲ ಎಂದಿತು. ಹೆಸರು ಒಬ್ಬರದು, ಕೆಲಸ ಹಲವರದು ಎಂಬ ಸ್ಥಿತಿಗೆ ಈಗ ಶಾಸನದ, ಅಂದರೆ ಕಾನೂನಿನ, ಸಮ್ಮತಿ ದೊರೆತಿದೆ. ಎಂಟನೆಯ ಶತಮಾನದಲ್ಲಿ ಕಲ್ಲಿನ ಶಾಸನವು ಕೆಲಸ ಮಾಡಿದವನಿಗೆ ಹೆಸರು ಕೊಟ್ಟಿತ್ತು.

ಗ್ರಂಥಾಲಯಗಳ ಸೂಚಿಗಳಲ್ಲಿಯೂ ಸ್ಮಾರಕಗಳ ದಾಖಲೆಗಳಲ್ಲಿಯೂ ‘ವಾಸ್ತುಶಿಲ್ಪಿ’ ಎಂಬ ಒಂದೇ ಅಂಕಣವಿದ್ದರೆ ಸಾಲದು. ಶಾಸನೋಕ್ತ ಪದವನ್ನು, ಅದು ಸೂತ್ರಧಾರಿಯಾಗಿರಲಿ, ಓಜನಾಗಿರಲಿ, ರೂವಾರಿಯಾಗಿರಲಿ, ಇದ್ದಂತೆಯೇ ಬರೆದು, ಮಾಡಿಸಿದವರು ಮತ್ತು ಮಾಡಿದವರು ಎಂದು ಎರಡು ನಮೂದುಗಳನ್ನು ಇಡುವುದು ಉಚಿತ. ಆ ಪ್ರಕಾರ ವಿರೂಪಾಕ್ಷ ದೇವಾಲಯದ ನಮೂದು ಹೀಗಾಗುತ್ತದೆ: ಮಾಡಿಸಿದವರು ಲೋಕಮಹಾದೇವಿ, ಸೂತ್ರಧಾರಿ ಗುಂಡ ಅನಿವಾರಿತಾಚಾರಿ, ಬಿರುದು ತ್ರಿಭುವನಾಚಾರಿ, ತೆಂಕಣ ದಿಶೆಯ ಸೂತ್ರಧಾರಿ ಸರ್ವಸಿದ್ಧಿ ಆಚಾರಿ. ಪಾಪನಾಥ ದೇವಾಲಯದಲ್ಲಿ ಮಾಡಿಸಿದವರ ಜಾಗ ಸದ್ಯಕ್ಕೆ ಖಾಲಿ ಉಳಿಯಲಿ. ತೆಂಕಣ ದೆಸೆಯನ್ನು ಮಾಡಿದವನು ರೇವಡಿ ಓವಜ್ಜ.